ನಮ್ಮೂರ ಕೆರೆಯ ಕಾಗದ ಹುಡುಕಿ ಧಾರವಾಡದ ಗ್ರಂಥಾಲಯಕ್ಕೆ

ನಮ್ಮೂರ ಕೆರೆ ಎಷ್ಟು ಎಕರೆ? ಈ ಪ್ರಶ್ನೆಗೆ ಊರಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. ಹಿರಿಯರನ್ನು ಕೇಳಿದರೆ ಹುಣಸೆಮರದ ತನಕ ನೀರು ನಿಲ್ಲುತ್ತಿತ್ತು ಅನ್ನುತ್ತಾರೆ. ಆ ಮರದ ಈಚೆಗೆ ಈಗ ಗೋವಿನಜೋಳ ಬೆಳೆದು ನಿಂತಿದೆ. ಹೂಳೆತ್ತಿಸಬೇಕು ಅಂತ ಗ್ರಾಮಸಭೆಯಲ್ಲಿ ಮಾತು ಬಂದಾಗ, ಮೊದಲು ಕೆರೆಯ ಹದ್ದು ಎಲ್ಲಿಗೆ ಮುಗಿಯುತ್ತದೆ ಅನ್ನುವುದು ಗೊತ್ತಾಗಬೇಕು ಅಂತಾಯಿತು. ಅದಕ್ಕೆ ಕಾಗದ ಬೇಕು. ಕಾಗದ ಕೇಳಿಕೊಂಡು ಒಂದು ಕಚೇರಿಗೆ ಹೋದರೆ ಅವರು ಇನ್ನೊಂದು ಕಚೇರಿಯ ಕಡೆ ಕೈ ತೋರಿಸಿದರು. ಅಲ್ಲಿಯವರು ಮೂರನೆಯದರ ಕಡೆ. ‘ಅದು ನಮ್ಮ ಕೆರೆ ಅಲ್ಲರೀ’ ಅನ್ನುವ ಮಾತನ್ನು ಎಲ್ಲ ಕಡೆ ಕೇಳಿದೆ. ಯಾರ ಕೆರೆ ಅಂತ ಮಾತ್ರ ಯಾರೂ ಹೇಳಲಿಲ್ಲ.

ನಮ್ಮದು ಹಾವೇರಿ ತಾಲೂಕಿನ ಒಂದು ಸಣ್ಣ ಊರು. ನಾನು ಕೆಲಸದ ಮೇಲೆ ಹುಬ್ಬಳ್ಳಿಯಲ್ಲಿದ್ದೇನೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿರುವ ತಂಗಿಯ ಮಗಳು, ‘ಮಾಮಾ, ನಮ್ಮ ಲೈಬ್ರರಿಯಾಗ ಹಳೇ ಸರ್ಕಾರಿ ಪುಸ್ತಕ ಭಾಳ ಅದಾವ, ಒಮ್ಮೆ ಬಂದು ನೋಡು’ ಅಂದಳು. ವಿಶ್ವವಿದ್ಯಾಲಯದ ಗ್ರಂಥಾಲಯ ಅಂದರೆ ಪರೀಕ್ಷೆಗೆ ಓದುವವರ ಜಾಗ ಅಂತಲೇ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಊರಿನ ಕೆರೆಗೂ ಅದಕ್ಕೂ ಸಂಬಂಧ ಇದೆ ಅಂತ ಯಾರಿಗೆ ಹೊಳೆಯುತ್ತದೆ?

ಸಂಬಂಧ ಇದೆ. ಸರ್ಕಾರ ಜನಗಣತಿ ಮಾಡುತ್ತದೆ, ಬೆಳೆ ಲೆಕ್ಕ ಹಾಕುತ್ತದೆ, ಸಮಿತಿ ಮಾಡಿ ವರದಿ ಬರೆಸುತ್ತದೆ, ಅಧಿಸೂಚನೆ ಹೊರಡಿಸುತ್ತದೆ. ಇದೆಲ್ಲ ಅಚ್ಚಾಗಿ ಪುಸ್ತಕವಾಗುತ್ತದೆ. ಕಚೇರಿಗಳಲ್ಲಿ ಹಳೆಯ ಪ್ರತಿ ಉಳಿಯುವುದು ಕಡಿಮೆ. ಸಾಹೇಬರು ಬದಲಾಗುತ್ತಾರೆ, ಕಟ್ಟಡ ಬದಲಾಗುತ್ತದೆ, ಗಂಟು ಕಟ್ಟಿದ್ದು ಎಲ್ಲೋ ಸೇರುತ್ತದೆ. ಗ್ರಂಥಾಲಯದಲ್ಲಿ ಹಾಗಾಗುವುದಿಲ್ಲ. ಅಲ್ಲಿ ಬಂದ ಪುಸ್ತಕಕ್ಕೆ ನಂಬರ್ ಬೀಳುತ್ತದೆ, ರಿಜಿಸ್ಟರ್‌ನಲ್ಲಿ ಹೆಸರು ಏರುತ್ತದೆ, ಕಪಾಟಿನಲ್ಲಿ ಜಾಗ ಸಿಗುತ್ತದೆ. ಕರ್ನಾಟಕ ವಿಶ್ವವಿದ್ಯಾಲಯ ಶುರುವಾದದ್ದು 1949ರಲ್ಲಿ, ಮುಂಬೈಯಲ್ಲಿ. ಮರುವರ್ಷ ಧಾರವಾಡದಲ್ಲಿ ನೆಲೆ ನಿಂತಿತು. ಆಗ ನಮ್ಮ ಭಾಗ ಇನ್ನೂ ಮುಂಬೈ ರಾಜ್ಯದಲ್ಲಿತ್ತು. ಹೀಗಾಗಿ ಮುಂಬೈ ಸರ್ಕಾರದ್ದು, ಆಮೇಲೆ ಮೈಸೂರು ಸರ್ಕಾರದ್ದು, ಆಮೇಲೆ ಕರ್ನಾಟಕ ಸರ್ಕಾರದ್ದು, ಈ ಮೂರೂ ಕಾಲದ ಕಾಗದ ಹುಡುಕಲು ನಮ್ಮವರಿಗೆ ಧಾರವಾಡದಂಥ ಜಾಗ ಇನ್ನೊಂದಿಲ್ಲ ಅಂತ ನನಗೆ ಅನಿಸುತ್ತದೆ.

ನಾನು ಹೊರಗಿನವನು, ವಿದ್ಯಾರ್ಥಿ ಅಲ್ಲ. ಯಾಕೆ ಬಂದಿದ್ದೇನೆ ಅಂತ ಒಂದು ಅರ್ಜಿ ಬರೆದು, ಆಧಾರ್ ಪ್ರತಿ ಲಗತ್ತಿಸಿ ಕೊಟ್ಟೆ. ಕುಳಿತು ನೋಡಲು ಒಪ್ಪಿಗೆ ಸಿಕ್ಕಿತು. ಪುಸ್ತಕ ಮನೆಗೆ ಒಯ್ಯುವಂತಿಲ್ಲ, ಸರಿ, ಅದು ನ್ಯಾಯವೇ.

ಮೊದಲ ಗೋಜಲು ಕಂಪ್ಯೂಟರಿನಲ್ಲಿ. ಊರಿನ ಹೆಸರು ಹಾಕಿ ಹುಡುಕಿದರೆ ಏನೂ ಬರಲಿಲ್ಲ. ‘ಹಾವೇರಿ ಕೆರೆ’ ಅಂತ ಹಾಕಿದರೆ ಯಾವುದೋ ಕಥಾಸಂಕಲನ ಬಂತು. ಪಕ್ಕದಲ್ಲೇ ಇದ್ದ ಹಿರಿಯ ಸಿಬ್ಬಂದಿಯೊಬ್ಬರು ಎದ್ದು ಬಂದರು.

‘ಏನ್ ಹುಡುಕಾಕ್ಹತ್ತೀರಿ?’

ಹೇಳಿದೆ.

‘ಹಂಗ ಸಿಗೂದಿಲ್ರೀ. ಸರ್ಕಾರಿ ಪುಸ್ತಕಕ್ಕ ಬರದಾಂವ ಯಾರು ಅಂದ್ರ ಇಲಾಖೆ. ಕೆರಿ ಅಂತ ಕೇಳಬ್ಯಾಡ್ರಿ. ಕೆರಿ ಲೆಕ್ಕ ಯಾರು ಬರೀತಿದ್ರು, ಅದನ್ನ ವಿಚಾರ ಮಾಡ್ರಿ.’

ಇದೊಂದು ಮಾತು ನನ್ನ ಕೆಲಸವನ್ನೇ ಬದಲಿಸಿತು. ಕಥೆ ಕಾದಂಬರಿಗೆ ಲೇಖಕರ ಹೆಸರಿರುವ ಜಾಗದಲ್ಲಿ ಸರ್ಕಾರಿ ಪ್ರಕಟಣೆಗೆ ಕಚೇರಿಯ ಹೆಸರಿರುತ್ತದೆ. ಅದರಲ್ಲೂ ಆ ಕಾಲದಲ್ಲಿ ಆ ಕಚೇರಿಗೆ ಏನು ಹೆಸರಿತ್ತೋ ಅದು. ಜನಗಣತಿ ಪುಸ್ತಕ ಬೇಕಾದರೆ ಜನಗಣತಿ ನಿರ್ದೇಶನಾಲಯ, ಜಿಲ್ಲೆಯ ಅಂಕಿಅಂಶ ಬೇಕಾದರೆ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ, ಹೀಗೆ. 1973ಕ್ಕಿಂತ ಹಿಂದಿನದಾದರೆ ಕರ್ನಾಟಕ ಅಂತ ಹಾಕಿ ಪ್ರಯೋಜನ ಇಲ್ಲ, ಮೈಸೂರು ಅಂತ ಹಾಕಬೇಕು. 1956ರ ನವೆಂಬರ್‌ಗಿಂತ ಹಿಂದಿನದಾದರೆ ಮುಂಬೈ.

ಅವರು ಇನ್ನೊಂದು ಪ್ರಶ್ನೆ ಕೇಳಿದರು. ‘ನಿಮ್ಮೂರು ಆಗ ಯಾವ ತಾಲೂಕಿನ್ಯಾಗಿತ್ತು?’

ಹಾವೇರಿ ಅಂದೆ. ಅವರು ತಲೆ ಅಲ್ಲಾಡಿಸಿ, ದಪ್ಪನೆಯ ಒಂದು ಪುಸ್ತಕ ತಂದು ಮುಂದಿಟ್ಟರು. ಬಾಂಬೆ ಪ್ರೆಸಿಡೆನ್ಸಿ ಗ್ಯಾಝೆಟಿಯರ್, 22ನೆಯ ಸಂಪುಟ, ಧಾರವಾಡ ಜಿಲ್ಲೆ, 1884. ಅದರಲ್ಲಿ ಜಿಲ್ಲೆಗೆ 11 ತಾಲೂಕು. ಧಾರವಾಡ, ಹುಬ್ಬಳ್ಳಿ, ಗದಗ, ನವಲಗುಂದ, ರೋಣ, ಕಲಘಟಗಿ, ಬಂಕಾಪುರ, ಹಾನಗಲ್, ರಾಣೆಬೆನ್ನೂರು ಇವೆ. ಹಾವೇರಿ ತಾಲೂಕು ಇಲ್ಲ! ಅದರ ಬದಲು ಕರಜಗಿ ಇದೆ. ಹಿರೇಕೆರೂರು ಕೂಡ ಇಲ್ಲ, ಕೋಡ ಅಂತಿದೆ. ವರದಾ ನದಿ ದಂಡೆಯ ಕರಜಗಿ ನಮಗೆಲ್ಲ ಗೊತ್ತಿರುವ ಊರೇ. ಹಾವೇರಿ ಆ ಕಾಲದಲ್ಲಿ ಆ ತಾಲೂಕಿಗೆ ಸೇರಿದ ಪಟ್ಟಣ. ಹಾವೇರಿ ಜಿಲ್ಲೆ ಆದದ್ದಂತೂ 1997ರಲ್ಲಿ, ಗದಗದ ಜೊತೆಗೆ. ಅಂದರೆ 1991ರ ಜನಗಣತಿಯವರೆಗೆ ನಮ್ಮೂರನ್ನು ಧಾರವಾಡ ಜಿಲ್ಲೆಯ ಪುಸ್ತಕದಲ್ಲೇ ಹುಡುಕಬೇಕು. ಹಾವೇರಿ, ಗದಗದ ಜನ ಯಾರೇ ಹಳೆಯ ಕಾಗದ ಹುಡುಕಲು ಹೋದರೂ ಇದನ್ನು ನೆನಪಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಇಲ್ಲದ ಜಿಲ್ಲೆಯಲ್ಲಿ ಇರುವ ಊರನ್ನು ಹುಡುಕಿದ ಹಾಗಾಗುತ್ತದೆ.

ಗ್ಯಾಝೆಟಿಯರ್ ಓದುತ್ತಾ ಕುಳಿತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಮಣ್ಣು, ಮಳೆ, ಸಂತೆ, ಜಾತ್ರೆ, ಬರಗಾಲ, ಹತ್ತಿ ವ್ಯಾಪಾರ ಎಲ್ಲ ಇದೆ. ಆದರೆ ಸಣ್ಣ ಊರಿನ ಸಣ್ಣ ಕೆರೆ ಅದರಲ್ಲಿ ಸಿಗುವುದಿಲ್ಲ. ದೊಡ್ಡ ಕೆರೆಗಳ ವಿವರ ಇದೆ, ಮಾಸೂರಿನ ಮದಗದ ಕೆರೆಯಂಥವು. ನನಗೆ ಬೇಕಾದದ್ದು ಇನ್ನೂ ಕೆಳಗಿನ ಹಂತದ ಕಾಗದ.

ಅದಕ್ಕೆ ಮುಂಬೈ ಸರ್ಕಾರದ ಭೂಮಾಪನದ ವರದಿಗಳಿವೆ. ನಮ್ಮ ಭಾಗದಲ್ಲಿ ಮೊದಲ ಸರ್ವೆ ನಡೆದದ್ದು 1840ರ ದಶಕದಲ್ಲಿ. ಆಗ ಕಂದಾಯ ಗೊತ್ತು ಮಾಡಿದ್ದು 30 ವರ್ಷಕ್ಕೆ. ಅವಧಿ ಮುಗಿದ ಮೇಲೆ ಮತ್ತೆ ಅಳೆದರು. ಮತ್ತೆ ಅಳೆದಾಗ ಸರ್ವೆ ಅಧಿಕಾರಿಗಳು ತಾಲೂಕು ತಾಲೂಕಿಗೆ ವರದಿ ಬರೆದು ಕಳಿಸಿದರು. ಮುಂಬೈ ಸರ್ಕಾರ ಅವುಗಳನ್ನು ತನ್ನ ದಾಖಲೆಗಳಿಂದ ಆಯ್ದ ಸರಣಿಯಾಗಿ ಅಚ್ಚು ಹಾಕಿಸಿತು. ಇವು ಗ್ಯಾಝೆಟಿಯರ್‌ನಷ್ಟು ಚೆಂದ ಓದಿಸಿಕೊಳ್ಳುವುದಿಲ್ಲ. ಬರೀ ಕೋಷ್ಟಕ. ಆದರೆ ರೈತನಿಗೆ ಬೇಕಾದ್ದು ಇರುವುದು ಕೋಷ್ಟಕದಲ್ಲೇ ಅಲ್ವಾ? ಮಳೆ ನಂಬಿದ ಖುಷ್ಕಿ ಎಷ್ಟು, ನೀರು ಹಾಯಿಸುವ ತರಿ ಎಷ್ಟು, ತೋಟದ ಬಾಗಾಯತ ಎಷ್ಟು, ಯಾವ ಊರಿಗೆ ಏನು ದರ, ಎಲ್ಲ ಬರುತ್ತದೆ. ಹಾಳೆಗಳು ಹಳದಿಯಾಗಿ ಅಂಚು ಮುರಿಯುತ್ತಿದ್ದವು. ನಿಧಾನಕ್ಕೆ, ಎರಡೂ ಕೈಯಿಂದ ತಿರುವಿದೆ. ಬ್ರಿಟಿಷರ ಕಾಗುಣಿತದಲ್ಲಿ ನಮ್ಮೂರಿನ ಹೆಸರು ಗುರುತು ಹಿಡಿಯಲು ಜೋರಾಗಿ ಬಾಯಿಬಿಟ್ಟು ಓದಬೇಕಾಯಿತು. ತರಿ ಅಂಕಣದಲ್ಲಿ ನಮ್ಮೂರಿಗೆ ಅಂಕಿ ಇತ್ತು. ನದಿ ಇಲ್ಲದ, ಕಾಲುವೆ ಇಲ್ಲದ ಊರಿಗೆ ತರಿ ಜಮೀನು ಎಲ್ಲಿಂದ ಬರಬೇಕು? ಕೆರೆಯಿಂದಲೇ. ನೂರು ವರ್ಷಕ್ಕೂ ಹಿಂದೆ ನಮ್ಮ ಕೆರೆ ನೀರು ಕೊಡುತ್ತಿತ್ತು ಅನ್ನುವುದಕ್ಕೆ ಅಚ್ಚಾದ ಸಾಕ್ಷಿ ಸಿಕ್ಕಿತು. ನನಗೆ ಆದ ಸಂತೋಷ ಹೇಳಲು ಬರುವುದಿಲ್ಲ.

ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಜನಗಣತಿಯ ಜಿಲ್ಲಾ ಕೈಪಿಡಿಗಳು. ಜನಗಣತಿ ಅಂದರೆ ತಲೆ ಎಣಿಸುವುದು ಅಂತಷ್ಟೇ ನಾವು ಅಂದುಕೊಳ್ಳುತ್ತೇವೆ. 1951ರಿಂದ ಜಿಲ್ಲೆಗೊಂದರಂತೆ ಕೈಪಿಡಿ ಬರುತ್ತಿದೆ. ಅದರಲ್ಲಿ ಪ್ರತಿ ಊರಿಗೂ ಒಂದು ಸಾಲು. ಶಾಲೆ ಇದೆಯೇ, ದವಾಖಾನೆ ಇದೆಯೇ, ಕುಡಿಯುವ ನೀರು ಎಲ್ಲಿಂದ, ಅಂಚೆ ಕಚೇರಿ ಎಷ್ಟು ದೂರ, ಬಸ್ ಬರುತ್ತದೆಯೇ, ಹತ್ತಿರದ ಪಟ್ಟಣ ಯಾವುದು, ಇದೆಲ್ಲ ಇರುತ್ತದೆ. ಕೊನೆಯ ಅಂಕಣಗಳಲ್ಲಿ ಜಮೀನಿನ ಲೆಕ್ಕ. ಅಡವಿ ಎಷ್ಟು, ನೀರಾವರಿ ಎಷ್ಟು, ಮಳೆ ಮೇಲೆ ಬೆಳೆಯುವ ಹೊಲ ಎಷ್ಟು, ಬೀಳು ಎಷ್ಟು. ನೀರಾವರಿಯ ಮುಂದೆ ಒಂದೆರಡು ಇಂಗ್ಲಿಷ್ ಅಕ್ಷರದ ಗುರುತು. ಟಿಕೆ ಅಂದರೆ ಕೆರೆ, ಡಬ್ಲ್ಯು ಅಂದರೆ ಬಾವಿ, ಟಿಡಬ್ಲ್ಯು ಅಂದರೆ ಕೊಳವೆಬಾವಿ, ಜಿಸಿ ಅಂದರೆ ಸರ್ಕಾರಿ ಕಾಲುವೆ. ಪುಸ್ತಕದ ಆರಂಭದಲ್ಲೇ ಈ ಗುರುತುಗಳ ಪಟ್ಟಿ ಇರುತ್ತದೆ. ಅದನ್ನು ಮೊದಲು ಬರೆದಿಟ್ಟುಕೊಂಡರೆ ಆಮೇಲಿನ ಕೆಲಸ ಸಲೀಸು.

ನಾನು 1971, 1981, 1991ರ ಪುಸ್ತಕಗಳನ್ನು ಸಾಲಾಗಿ ತೆರೆದಿಟ್ಟುಕೊಂಡೆ. ಒಂದೇ ಊರು, ಒಂದೇ ಸಾಲು. ಮೊದಲನೆಯದರಲ್ಲಿ ನೀರಾವರಿ ಪೂರ್ತಿ ಟಿಕೆ. ಅದರ ನಂತರದ್ದರಲ್ಲಿ ಟಿಕೆ ಕಡಿಮೆ, ಡಬ್ಲ್ಯು ಬಂದಿದೆ. ಕೊನೆಯದರಲ್ಲಿ ಟಿಡಬ್ಲ್ಯು ಎಲ್ಲರಿಗಿಂತ ಮೇಲೆ, ಟಿಕೆ ಹೆಸರಿಗಷ್ಟೇ. ಬೆರಳಿಟ್ಟು ಆ ಮೂರು ಸಾಲು ಓದುತ್ತಾ ಬಂದಾಗ ನಮ್ಮೂರು ಕೆರೆಯನ್ನು ಬಿಟ್ಟು ಬೋರಿಗೆ ಹೋದದ್ದು ಕಣ್ಣಿಗೆ ಕಂಡಿತು. ನಮ್ಮಪ್ಪ ಬೋರು ಹಾಕಿಸಿದ ವರ್ಷವೂ ಆ ನಡುವೆಯೇ ಬರುತ್ತದೆ. ಯಾರೋ ತಲಾಟಿ ಚಾವಡಿಯಲ್ಲಿ ಕುಳಿತು ಬರೆದ ಅಂಕಿ ಇಷ್ಟು ದೂರ ಬಂದು, ಇಷ್ಟು ವರ್ಷ ಉಳಿದು, ನನ್ನ ಕೈಗೆ ಸಿಕ್ಕಿದೆಯಲ್ಲ ಅಂತ ಮನಸ್ಸು ತುಂಬಿ ಬಂತು.

ಒಂದು ಎಚ್ಚರ ಹೇಳಬೇಕು. ಹಳೆಯ ಪುಸ್ತಕದಲ್ಲಿ ಎಕರೆ, ಆಮೇಲಿನದರಲ್ಲಿ ಹೆಕ್ಟೇರ್. ಒಂದು ಹೆಕ್ಟೇರ್‌ಗೆ ಸುಮಾರು ಎರಡೂವರೆ ಎಕರೆ. ಅಂಕಣದ ತಲೆಬರಹ ಓದದೆ ಹೋಲಿಸಿದರೆ ಊರಿನ ಅರ್ಧ ಜಮೀನೇ ಮಾಯವಾದ ಹಾಗೆ ಕಾಣುತ್ತದೆ. ಊರಿನ ಕೋಡ್ ನಂಬರ್ ಕೂಡ ಒಂದು ಗಣತಿಯಿಂದ ಇನ್ನೊಂದಕ್ಕೆ ಒಂದೇ ಇರುವುದಿಲ್ಲ. ಪ್ರತಿ ಪುಸ್ತಕದಲ್ಲೂ ತಾಲೂಕಿನ ಮೊದಲಿಗೆ ಊರುಗಳ ಅಕಾರಾದಿ ಪಟ್ಟಿ ನೋಡಿ ನಂಬರ್ ಹಿಡಿಯಬೇಕು.

ಈ ಕೈಪಿಡಿಗಳಲ್ಲಿ ಬಹಳಷ್ಟು ಈಗ ಜನಗಣತಿ ಇಲಾಖೆಯ ಜಾಲತಾಣದಲ್ಲೇ ಸಿಗುತ್ತವೆ, ದುಡ್ಡಿಲ್ಲದೆ. ಮನೆಯಲ್ಲೇ ಕುಳಿತು ನೋಡಬಹುದು. ಹಾಗಾದರೆ ಧಾರವಾಡದ ತನಕ ಯಾಕೆ ಹೋಗಬೇಕು ಅಂದರೆ, ಎರಡು ಕಾರಣ. ಪುಸ್ತಕದಲ್ಲಿ ಮಡಚಿಟ್ಟ ತಾಲೂಕಿನ ನಕ್ಷೆ ಇರುತ್ತದಲ್ಲ, ಸ್ಕ್ಯಾನ್ ಮಾಡುವಾಗ ಎಷ್ಟೋ ಸಲ ಅದನ್ನು ಬಿಚ್ಚಿರುವುದಿಲ್ಲ. ಟೇಬಲ್ ಮೇಲೆ ಹರವಿ ನೋಡಿದರೆ ಕೆರೆ, ಹಳ್ಳ, ದಾರಿ ಎಲ್ಲ ಕಾಣುತ್ತದೆ. ಎರಡನೆಯದು, ಆ ಹಿರಿಯ ಸಿಬ್ಬಂದಿಯಂಥವರು. ಯಾವ ಕಪಾಟಿನ ಯಾವ ಮೂಲೆಯಲ್ಲಿ ಯಾವ ಇಲಾಖೆ ಇದೆ ಅಂತ ಅವರಿಗೆ ಬಾಯಿಪಾಠ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟು ಸುಮ್ಮನಾಗಲಿಲ್ಲ ಅವರು. ‘ಇದನ್ನೂ ನೋಡ್ರಿ’ ಅಂತ ತಾವೇ ಇನ್ನೊಂದು ಪುಸ್ತಕ ತಂದಿಟ್ಟರು. ಆ ಗುಣಕ್ಕೆ ನಾನು ಸದಾ ಋಣಿ.

ಅದೇ ಟೇಬಲ್‌ನ ಆ ಕಡೆ ನವಲಗುಂದದ ಒಬ್ಬ ಹುಡುಗ ಮಹದಾಯಿ ತೀರ್ಪಿನ ಬಗ್ಗೆ ಬರೆಯುತ್ತಿದ್ದ. ನಮ್ಮ ಕಡೆ ಚಹಾದಂಗಡಿಯಲ್ಲಿ ಮಹದಾಯಿ ಬಗ್ಗೆ ಮಾತಾಡದವರಿಲ್ಲ. ಆದರೆ ಅಂಕಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ ಹಂಚಿದ್ದು 13.42 ಟಿಎಂಸಿ. ಅದರಲ್ಲಿ ಮಲಪ್ರಭೆಗೆ ತಿರುಗಿಸಲು ಕಳಸಾದಿಂದ 1.72, ಬಂಡೂರಿಯಿಂದ 2.18. ಎರಡೂ ಕೂಡಿದರೆ 3.90. ದೊಡ್ಡ ಪಾಲು, 8.02 ಟಿಎಂಸಿ, ವಿದ್ಯುತ್ ಉತ್ಪಾದನೆಗೆ. ತೀರ್ಪು ಬಂದ ಮೇಲೂ ಅದು ಕೇಂದ್ರದ ರಾಜಪತ್ರದಲ್ಲಿ, ಅಂದರೆ ಗೆಜೆಟ್‌ನಲ್ಲಿ, ಪ್ರಕಟವಾಗಲು 2020ರ ಫೆಬ್ರವರಿ 27ರ ತನಕ ಕಾಯಬೇಕಾಯಿತು. ಆ ಹುಡುಗ ಇದನ್ನೆಲ್ಲ ಪುಟದ ಸಮೇತ ತೋರಿಸಿದ. ‘ಸರ್, ಪೇಪರಿನ್ಯಾಗ ಬಂದಿದ್ದು ಬ್ಯಾರೆ, ರಾಜಪತ್ರದಾಗ ಬಂದಿದ್ದು ಬ್ಯಾರೆ. ಕಾನೂನು ಆಗೂದು ಇದು’ ಅಂದ. ಇಪ್ಪತ್ತು ದಾಟಿದ ಹುಡುಗ, ಎಷ್ಟು ನಿಖರವಾಗಿ ಮಾತಾಡುತ್ತಾನೆ ಅಂತ ಖುಷಿಯಾಯಿತು. ಕೇಂದ್ರದ ರಾಜಪತ್ರವೂ ನಮ್ಮ ರಾಜ್ಯಪತ್ರವೂ ಈಗ ಜಾಲತಾಣದಲ್ಲಿ ಬರುತ್ತವೆ. ಹಳೆಯದಕ್ಕೆ ಮಾತ್ರ ಬೈಂಡ್ ಮಾಡಿದ ಸಂಪುಟಗಳೇ ಗತಿ. ಅಲ್ಲೂ ಇಲಾಖೆ ಮತ್ತು ತಾರೀಖು ಗೊತ್ತಿದ್ದವರಿಗೆ ದಾರಿ ಬೇಗ ತೆರೆಯುತ್ತದೆ.

ಮತ್ತೆ ನಮ್ಮ ಕೆರೆಗೆ ಬರುತ್ತೇನೆ. ಯಾರ ಕೆರೆ ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆ ಟಿಕೆ ಅಂಕಣದಿಂದ. ನಮ್ಮ ರಾಜ್ಯದಲ್ಲಿ ಅಚ್ಚುಕಟ್ಟು, ಅಂದರೆ ಕೆರೆಯ ನೀರು ಹಾಯುವ ಜಮೀನು, 40 ಹೆಕ್ಟೇರ್‌ಗಿಂತ ಕಡಿಮೆ ಇದ್ದರೆ ಆ ಕೆರೆ ಜಿಲ್ಲಾ ಪಂಚಾಯಿತಿಗೆ ಸೇರುತ್ತದೆ. 40ರಿಂದ 2000 ಹೆಕ್ಟೇರ್ ತನಕ ಸಣ್ಣ ನೀರಾವರಿ ಇಲಾಖೆಗೆ. ನಮ್ಮೂರಲ್ಲಿ ಕೆರೆಯ ಕೆಳಗೆ ಬೆಳೆಯುತ್ತಿದ್ದ ಜಮೀನು ಅತಿ ಹೆಚ್ಚು ಇದ್ದ ವರ್ಷದಲ್ಲೂ 40 ಹೆಕ್ಟೇರ್ ಮುಟ್ಟಿರಲಿಲ್ಲ. ಹಾಗಾದರೆ ಬಡಿಯಬೇಕಾದ ಬಾಗಿಲು ಜಿಲ್ಲಾ ಪಂಚಾಯಿತಿಯದು. ಇಷ್ಟು ದಿನ ನಮ್ಮನ್ನು ಅಲೆದಾಡಿಸಿದ ಪ್ರಶ್ನೆ ಇದೊಂದೇ ಆಗಿತ್ತು.

ಇನ್ನು ಮಾಹಿತಿ ಹಕ್ಕಿನ ಅರ್ಜಿ. 2005ರ ಈ ಕಾಯ್ದೆಯಡಿ ಅರ್ಜಿ ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿ ಬೇರೆ ಕಚೇರಿಗೆ ಸೇರಿದ್ದಾದರೆ 5 ದಿನದೊಳಗೆ ಅವರೇ ಅಲ್ಲಿಗೆ ಕಳಿಸಬೇಕು. ಕರ್ನಾಟಕದ ನಿಯಮದಲ್ಲಿ ಇನ್ನೊಂದು ಕಟ್ಟು ಇದೆ. ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಶಬ್ದದ ಒಳಗೆ. ‘ನಮ್ಮ ಕೆರೆಯ ಎಲ್ಲಾ ಮಾಹಿತಿ ಕೊಡಿ’ ಅಂತ ಬರೆದರೆ ಆ 150 ಶಬ್ದ ದಂಡ. ಕಾಗದದ ಹೆಸರು ಹೇಳಿಯೇ ಕೇಳಬೇಕು. ಗ್ರಂಥಾಲಯದಲ್ಲಿ ಕುಳಿತದ್ದರ ಲಾಭ ಇಲ್ಲಿ ಗೊತ್ತಾಯಿತು.

ಸರ್ವೆ ನಂಬರ್ ಮೊದಲು ಹಿಡಿಯಬೇಕಿತ್ತು. ಭೂಮಾಪನ ಇಲಾಖೆ ಊರಿನ ಕಂದಾಯ ನಕ್ಷೆಗಳನ್ನು ಜಾಲತಾಣದಲ್ಲಿ ಹಾಕಿದೆ. ದಿಶಾಂಕ್ ಆ್ಯಪ್‌ನಲ್ಲಿ ಕೆರೆ ದಂಡೆಯ ಮೇಲೆ ನಿಂತರೆ ನಿಂತ ಜಾಗದ ಸರ್ವೆ ನಂಬರೇ ಬರುತ್ತದೆ. ಆ ನಂಬರಿನ ಉತಾರ, ಅಂದರೆ ಪಹಣಿ, ತೆಗೆಸಿದೆವು. ಆಮೇಲೆ ಎರಡು ಅರ್ಜಿ ಹಾಕಿದೆವು, ಬೇರೆ ಬೇರೆಯಾಗಿ. ಜಿಲ್ಲಾ ಪಂಚಾಯಿತಿಗೆ ಒಂದು, ಈ ಸರ್ವೆ ನಂಬರಿನ ಕೆರೆಗೆ ಸಂಬಂಧಿಸಿದ ಕೆರೆ ರಿಜಿಸ್ಟರ್ ಪುಟದ ನಕಲು ಬೇಕು ಅಂತ. ಭೂಮಾಪನ ಕಚೇರಿಗೆ ಇನ್ನೊಂದು, ಅದೇ ನಂಬರಿನ ಆಕಾರ್‌ಬಂದ್ (ಜಮೀನಿನ ವಿಸ್ತೀರ್ಣ, ಕಂದಾಯ ಬರೆದ ದಾಖಲೆ) ಮತ್ತು ಮೂಲ ಟಿಪ್ಪಣಿಯ (ಸರ್ವೆಯಾದಾಗಿನ ಅಳತೆಯ ನಕ್ಷೆ) ನಕಲು ಬೇಕು ಅಂತ. ಜಿಲ್ಲಾ ಪಂಚಾಯಿತಿಯ ಅರ್ಜಿಯ ಜೊತೆ ಕೈಪಿಡಿಯ ಪುಟಗಳ ಝೆರಾಕ್ಸ್ ಲಗತ್ತಿಸಿ, ವರ್ಷ ಮತ್ತು ಪುಟಸಂಖ್ಯೆ ಬರೆದೆವು. ‘ಇದು ನಮ್ಮ ಕೆರೆ ಅಲ್ಲ’ ಅನ್ನುವ ಉತ್ತರ ಈ ಸಲ ಬರಲಿಲ್ಲ. ಎರಡೂ ಕಡೆಯಿಂದ ನಕಲು ಬಂತು. ಪುಟಕ್ಕೆ 2 ರೂಪಾಯಿ.

ಆಕಾರ್‌ಬಂದ್‌ನಲ್ಲಿ ಕೆರೆಯ ವಿಸ್ತೀರ್ಣ ಎಕರೆ, ಗುಂಟೆ ಸಮೇತ ಇದೆ. ಇಡೀ ನಂಬರು ‘ಬ’ ಖರಾಬು, ಅಂದರೆ ಸಾರ್ವಜನಿಕರಿಗೆ ಬಿಟ್ಟ ಜಾಗ. ಯಾರ ಖಾತೆಯಲ್ಲೂ ಸೇರುವಂತಿಲ್ಲ. ಅಂಕಿಯನ್ನು ಇಲ್ಲಿ ಬರೆಯುತ್ತಿಲ್ಲ, ಯಾಕೆಂದರೆ ಗಡಿ ಗುರುತು ಹಾಕುವ ಹದ್ದುಬಸ್ತು ಅಳತೆ ಇನ್ನೂ ಆಗಬೇಕಿದೆ. ಕೆರೆಯ ಜಾಗ ಒತ್ತಿದವರೂ ನಮ್ಮೂರವರೇ, ನಮ್ಮ ಅಣ್ಣತಮ್ಮಂದಿರೇ. ಅವರಲ್ಲಿ ಒಬ್ಬರಂತೂ ಕಾಗದ ನೋಡಿ, ‘ನಮ್ಮಪ್ಪಗ ಕೊಟ್ಟಾವ್ರು ಇದನ್ನ ಹೇಳಿರಲಿಲ್ಲೋ ತಮ್ಮಾ’ ಅಂದರು. ಅವರ ಮಾತು ಸುಳ್ಳಲ್ಲ ಅಂತ ನನಗೂ ಗೊತ್ತು. ಅದಕ್ಕೇ ಅಳತೆ ಎಲ್ಲರ ಮುಂದೆ, ಹಗಲು ಹೊತ್ತಿನಲ್ಲಿ, ನಕ್ಷೆ ಹರವಿಕೊಂಡು ಆಗಲಿ ಅಂತ ಗ್ರಾಮಸಭೆಯಲ್ಲಿ ಬರೆಸಿದ್ದೇವೆ.

ಎಲ್ಲ ಕಾಗದಗಳ ಒಂದು ಪ್ರತಿ ಪಂಚಾಯಿತಿಯಲ್ಲಿದೆ. ಇನ್ನೊಂದು ಪ್ರತಿಯನ್ನು ಊರಿನ ಪ್ರೌಢಶಾಲೆಯ ಗ್ರಂಥಾಲಯಕ್ಕೆ ಕೊಟ್ಟೆವು. ಹೆಡ್ ಮಾಸ್ತರರು ಅದಕ್ಕೆ ನಂಬರ್ ಹಾಕಿ ರಿಜಿಸ್ಟರ್‌ನಲ್ಲಿ ಏರಿಸಿದ್ದಾರೆ. ಕೆಳಗಿನ ಊರಿನವರು ಅದನ್ನು ನೋಡಿಹೋಗಿ ತಮ್ಮ ಕೆರೆಯ ಬಗ್ಗೆ ಕೇಳುತ್ತಿದ್ದಾರೆ. ಅವರದ್ದು ನಮ್ಮದಕ್ಕಿಂತ ದೊಡ್ಡದು, ಸಣ್ಣ ನೀರಾವರಿಗೆ ಸೇರಿದ್ದಿರಬಹುದು. ಅವರ ಜೊತೆ ಮುಂದಿನ ವಾರ ಧಾರವಾಡಕ್ಕೆ ಹೋಗುವುದಿದೆ. ಊರಿನ ಹೆಸರು, ಸರ್ವೆ ನಂಬರು, ಹಳೆಯ ತಾಲೂಕು ಈ ಮೂರನ್ನು ಬರೆದುಕೊಂಡು ಬರಲು ಹೇಳಿದ್ದೇನೆ.